ಐವತ್ತೈದು ಪದಗಳ ಲೆಕ್ಕ

ಕಾಫಿ ಸೀಮೆಯ ಲೆಕ್ಕವೆಲ್ಲ ತಾರೀಖಿನ ಮೇಲೆ ನಿಂತಿದೆ. ಹೂಮಳೆ ಯಾವತ್ತು ಬಿತ್ತು, ಎಷ್ಟು ಸೆಂಟ್ ಬಿತ್ತು, ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಸಿಕ್ಕಿತು, ಮುಂಗಾರು ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಹೊಡೆದದ್ದಾಯಿತೆ, ಬಿಳಿ ಕಾಂಡಕೊರಕ ಹಾರುವ ಕಾಲಕ್ಕೆ ಗಿಡ ನೋಡಿದ್ದಾಯಿತೆ ಎಂಬುದರಲ್ಲಿ ಒಂದೊಂದು ದಿನಕ್ಕೂ ಬೆಲೆಯಿದೆ. ಧಾರಣೆಯದೂ ಅದೇ ಕತೆ. ಕಾಫಿ ಮಂಡಳಿಯ ಪೂಲಿಂಗ್ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರರೆಲ್ಲ ತಮ್ಮ ಫಸಲನ್ನು ತಾವೇ ಮಾರಿಕೊಳ್ಳುವಂತಾಯಿತು. ಅಂದಿನಿಂದ ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟು, ರೊಬಸ್ಟಾ ಚೆರಿ ಎಷ್ಟು, 50 ಕೆ.ಜಿ. ಮೂಟೆಗೆ ನಿನ್ನೆಗಿಂತ ಇವತ್ತು ಏರಿತೋ ಇಳಿಯಿತೋ ಎನ್ನುವುದು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಮನೆಮನೆಯ ಮಾತು. ಈ ಸುದ್ದಿ, ಇದರ ಜೊತೆಗೆ ಘಾಟಿ ರಸ್ತೆಯ ಸ್ಥಿತಿ, ಹೊಳೆಯ ಮಟ್ಟ, ಜಾತ್ರೆಯ ದಿನ, ಹೋಂಸ್ಟೇ ವಿವರ ಎಲ್ಲವೂ ಈಗ ಸಣ್ಣಪುಟ್ಟ ಜಾಲತಾಣಗಳ ಮೂಲಕ ಮೊಬೈಲಿಗೆ ಬರುತ್ತವೆ. ಇಂಥ ತಾಣ ಕಟ್ಟುವವರಿಗೂ ಕಟ್ಟಿಸುವವರಿಗೂ ಹೇಳಬೇಕಾದದ್ದು ಒಂದೇ ಮಾತು. ಬ್ಲಾಗ್ ತಂತ್ರಾಂಶದ ಒಳಗೇ ಸಿದ್ಧವಾಗಿ ಕುಳಿತಿರುವ ಟೆಂಪ್ಲೇಟ್ ಫಂಕ್ಷನ್‌ಗಳನ್ನು ಬಿಟ್ಟು ಅದೇ ಕೆಲಸಕ್ಕೆ ಸ್ವಂತ ಕೋಡ್ ಬರೆಯಬೇಡಿ. ಬರೆದರೆ ಮೊದಲು ಪೆಟ್ಟು ಬೀಳುವುದು ಕನ್ನಡಕ್ಕೆ.

ಹೆಸರು ತಾಂತ್ರಿಕವಾಗಿ ಕಂಡರೂ ವಿಷಯ ಸರಳ. ಪ್ರಪಂಚದ ಹತ್ತು ಜಾಲತಾಣಗಳಲ್ಲಿ ನಾಲ್ಕಕ್ಕೂ ಹೆಚ್ಚು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ ನಡೆಯುತ್ತಿವೆ. 2003ರ ಮೇ ತಿಂಗಳಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದರ ಮೊದಲ ಆವೃತ್ತಿಯನ್ನು ಹೊರತಂದರು. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ ಅದು. ಬರೆಯುವವರು ಬರಹ, ಚಿತ್ರ, ತಾರೀಖುಗಳನ್ನು ಒಂದು ಕಡೆ ತುಂಬುತ್ತಾರೆ. ಅವು ಡೇಟಾಬೇಸಿನಲ್ಲಿ ಕೂರುತ್ತವೆ. ಓದುಗ ತಾಣ ತೆರೆದಾಗ ಅವನ್ನು ಪುಟವಾಗಿ ಜೋಡಿಸುವುದು ಟೆಂಪ್ಲೇಟ್. ಆ ಟೆಂಪ್ಲೇಟಿನೊಳಗೆ ಇಲ್ಲಿ ಶೀರ್ಷಿಕೆ ಬರಲಿ, ಇಲ್ಲಿ ತಾರೀಖು ಬರಲಿ, ಇಲ್ಲಿ ಬರಹದ ಸಾರ ಬರಲಿ, ಇಲ್ಲಿ ಚಿತ್ರ ಬರಲಿ ಎಂದು ಹೇಳುವ ಒಂದೊಂದು ಸಾಲಿನ ಆಜ್ಞೆಗಳೇ ಟೆಂಪ್ಲೇಟ್ ಫಂಕ್ಷನ್‌ಗಳು. ‘ದಿ ಟೈಟಲ್’, ‘ಗೆಟ್ ದಿ ಡೇಟ್’, ‘ದಿ ಎಕ್ಸರ್ಪ್ಟ್’, ‘ದಿ ಪೋಸ್ಟ್ ಥಂಬ್‌ನೇಲ್’ ಮುಂತಾದ ಹೆಸರುಗಳು ಅವಕ್ಕಿವೆ. ಒಂದು ಸಾಲು ಬರೆದರೆ ಅದರ ಹಿಂದೆ ನೂರಾರು ಸಾಲುಗಳ, ವರ್ಷಗಟ್ಟಲೆ ತಿದ್ದಿದ ಕೋಡ್ ಓಡುತ್ತದೆ. ಆದರೂ ಟೆಂಪ್ಲೇಟುಗಳನ್ನು ಒಟ್ಟುಗೂಡಿಸಿ ಥೀಮ್ ಮಾಡುವ ಅನೇಕರು ಇವನ್ನು ಬಿಟ್ಟು ಅಲ್ಲಿಂದ ಇಲ್ಲಿಂದ ನಕಲು ಮಾಡಿದ ತುಣುಕುಗಳನ್ನು ಅಂಟಿಸುತ್ತಾರೆ. ಇಂಗ್ಲಿಷ್ ತಾಣದಲ್ಲಿ ಆ ತುಣುಕು ನಡೆದೀತು. ಕನ್ನಡದಲ್ಲಿ ಯಾಕೆ ನಡೆಯುವುದಿಲ್ಲ ಎಂಬುದನ್ನು ಒಂದು ಫಂಕ್ಷನ್ ಹಿಡಿದು ನೋಡೋಣ.

‘ದಿ ಎಕ್ಸರ್ಪ್ಟ್’ನ ಕೆಲಸ ಬರಹದ ಸಾರವನ್ನು ತೋರಿಸುವುದು. ಮುಖಪುಟದಲ್ಲಿ ಹತ್ತು ಸುದ್ದಿಗಳ ಪಟ್ಟಿಯಿರುತ್ತದೆ, ಪ್ರತಿಯೊಂದರ ಕೆಳಗೆ ಮೂರು ನಾಲ್ಕು ಸಾಲು ಇರುತ್ತವೆಯಲ್ಲ, ಅವೇ. ಬರೆದವರು ಸಾರವನ್ನು ಪ್ರತ್ಯೇಕವಾಗಿ ಬರೆದಿಟ್ಟಿದ್ದರೆ ಈ ಫಂಕ್ಷನ್ ಅದನ್ನೇ ತೋರಿಸುತ್ತದೆ. ಬರೆಯದಿದ್ದರೆ ಬರಹದ ಮೊದಲ ಐವತ್ತೈದು ಪದಗಳನ್ನು ತಾನೇ ಎತ್ತಿಕೊಂಡು, ನಡುವೆ ಇರುವ ಎಚ್‌ಟಿಎಂಎಲ್ ಗುರುತುಗಳನ್ನು ತೆಗೆದುಹಾಕಿ, ಕೊನೆಗೆ ಮೂರು ಚುಕ್ಕಿ ಇಟ್ಟು ಕೊಡುತ್ತದೆ. ಇಲ್ಲಿ ಗಮನಿಸಬೇಕಾದ್ದು, ಅದು ಪದ ಎಣಿಸುತ್ತದೆಯೇ ಹೊರತು ಅಕ್ಷರ ಎಣಿಸುವುದಿಲ್ಲ. ಪದಗಳ ನಡುವಿನ ಜಾಗ ನೋಡಿ ಕತ್ತರಿಸುವುದರಿಂದ ಯಾವ ಪದವೂ ಅರ್ಧಕ್ಕೆ ತುಂಡಾಗುವುದಿಲ್ಲ. ಸ್ವಂತ ಕೋಡ್ ಬರೆಯುವವರು ಸಾಮಾನ್ಯವಾಗಿ ಮಾಡುವುದು ಬೇರೆ. ಪಿಎಚ್‌ಪಿ ಭಾಷೆಯಲ್ಲಿ ‘ಸಬ್‌ಸ್ಟ್ರ್’ ಎಂಬ ಹಳೆಯ ಆಜ್ಞೆಯಿದೆ. ಮೊದಲ ಇನ್ನೂರು ಕೊಡು ಎಂದರೆ ಕತ್ತರಿಸಿ ಕೊಡುತ್ತದೆ. ಇನ್ನೂರು ಏನು? ಅಕ್ಷರ ಎಂದು ಬರೆದವರು ನಂಬಿರುತ್ತಾರೆ. ಇಂಗ್ಲಿಷಿನಲ್ಲಿ ಆ ನಂಬಿಕೆ ನಿಜವೂ ಆಗುತ್ತದೆ. ಆದರೆ ಆ ಆಜ್ಞೆ ನಿಜಕ್ಕೂ ಎಣಿಸುವುದು ಬೈಟ್‌ಗಳನ್ನು.

ಯುನಿಕೋಡ್‌ನಲ್ಲಿ ಬರೆದ ಕನ್ನಡವನ್ನು ಜಾಲತಾಣಗಳು ಯುಟಿಎಫ್-8 ಎಂಬ ಕ್ರಮದಲ್ಲಿ ಇಟ್ಟುಕೊಳ್ಳುತ್ತವೆ. ಅದರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕಳಸ’ದಲ್ಲಿ ಇರುವುದು ಮೂರು ಸಂಕೇತ, ಒಟ್ಟು 9 ಬೈಟ್. ‘ಮೂಡಿಗೆರೆ’ ಕಣ್ಣಿಗೆ ನಾಲ್ಕೇ ಅಕ್ಷರವಾದರೂ ಮ, ಕೊಂಬಿನ ಇಳಿ, ಡ, ಗುಡಿಸು ಎಂದು ಬಿಡಿಸುತ್ತ ಹೋದರೆ ಎಂಟು ಸಂಕೇತವಾಗುತ್ತದೆ, 24 ಬೈಟ್. ‘ಚಿಕ್ಕಮಗಳೂರು’ ನಾವು ಓದುವಾಗ ಆರು ಅಕ್ಷರ. ಕಂಪ್ಯೂಟರಿಗೆ ಅದು ಹನ್ನೊಂದು ಸಂಕೇತ. ಕ್ಕ ಎಂಬ ಒತ್ತಕ್ಷರವೊಂದೇ ಕ, ಅರ್ಧಾಕ್ಷರದ ಗುರುತು, ಮತ್ತೊಂದು ಕ ಎಂದು ಮೂರು ಸಂಕೇತ ತಿನ್ನುತ್ತದೆ. ಒಟ್ಟು 33 ಬೈಟ್. ಈಗ ಇಪ್ಪತ್ತು ಬೈಟಿಗೆ ಕತ್ತರಿಸಿ ನೋಡಿ. ಕಳಸಕ್ಕೆ ಏನೂ ಆಗುವುದಿಲ್ಲ. ಮೂಡಿಗೆರೆ ‘ಮೂಡಿಗೆ’ ಆಗಿ ಅದರ ಮುಂದೆ ಒಡೆದ ಅಕ್ಷರದ ಚೂರು ಉಳಿದು, ಕಪ್ಪು ವಜ್ರದೊಳಗೆ ಪ್ರಶ್ನೆಚಿಹ್ನೆಯಿರುವ ಆ ಪರಿಚಿತ ಗುರುತು ಕಾಣಿಸುತ್ತದೆ. ಚಿಕ್ಕಮಗಳೂರು ‘ಚಿಕ್ಕಮ’ಕ್ಕೆ ನಿಂತು ಅದರ ಬಾಲದಲ್ಲೂ ಅದೇ ಗುರುತು. ಬೈಟ್ ಬಿಟ್ಟು ಸಂಕೇತ ಎಣಿಸುವ ‘ಎಂಬಿ ಸಬ್‌ಸ್ಟ್ರ್’ ಬಳಸಿದರೆ ಪ್ರಶ್ನೆಚಿಹ್ನೆ ಹೋಗುತ್ತದೆ, ಆದರೆ ಅಕ್ಷರ ಉಳಿಯುವುದಿಲ್ಲ. ನಾಲ್ಕಕ್ಕೆ ಕತ್ತರಿಸಿದರೆ ಚಿಕ್ಕಮಗಳೂರು ‘ಚಿಕ್’ ಆಗುತ್ತದೆ, ಮೂರಕ್ಕೆ ಕತ್ತರಿಸಿದರೆ ‘ಚಿಕ’. ಯಾವ ಶಾಲೆಯ ಮಗುವೂ ಅಲ್ಲಿ ಪದ ಒಡೆಯುವುದಿಲ್ಲ. ಕೋಡ್ ಬರೆದವರು ಕಳಸದ ಹೆಸರಿನಲ್ಲಿ ಪರೀಕ್ಷಿಸಿದರೆ ದೋಷ ಕಾಣುವುದೇ ಇಲ್ಲ, ಉದ್ದನೆಯ, ಗುಣಿತ ಒತ್ತು ಸೇರಿದ ಹೆಸರು ಬಂದ ದಿನ ಮಾತ್ರ ಕಾಣುತ್ತದೆ. ಇಂಥ ದೋಷಗಳು ವರ್ಷಗಟ್ಟಲೆ ಉಳಿದುಬಿಡುವುದಕ್ಕೆ ಇದೇ ಕಾರಣ. ಪದ ಎಣಿಸುವ ಸಿದ್ಧ ಫಂಕ್ಷನ್ನಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಐವತ್ತೈದು ಪದ ಎನ್ನುವುದು ಇಂಗ್ಲಿಷಿಗೆ ಹೊಂದುವ ಲೆಕ್ಕ. ಕನ್ನಡದಲ್ಲಿ ವಿಭಕ್ತಿ, ಕಾಲ, ಸಹಾಯಕ ಕ್ರಿಯಾಪದ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ‘ಮಾರಬೇಕಾಗಿಬಂದಿದೆಯೆಂದು’ ಒಂದು ಪದ. ‘ಬೆಳೆಗಾರರೆಲ್ಲರಿಗೂ’ ಒಂದು ಪದ. ಹೀಗಾಗಿ ಐವತ್ತೈದು ಕನ್ನಡ ಪದಗಳು ಇಂಗ್ಲಿಷಿನ ಐವತ್ತೈದಕ್ಕಿಂತ ತುಂಬಾ ಹೆಚ್ಚು ಜಾಗ ತಿನ್ನುತ್ತವೆ, ಸಣ್ಣ ಮೊಬೈಲಿನಲ್ಲಿ ಒಂದು ಸುದ್ದಿಯ ಸಾರವೇ ಪರದೆ ತುಂಬಿಬಿಡುತ್ತದೆ, ಆದ್ದರಿಂದಲೇ ನಾವು ಸ್ವಂತ ಕೋಡ್ ಬರೆದುಕೊಂಡೆವು ಎಂದು ತಾಣ ಕಟ್ಟುವವರು ಹೇಳಬಹುದು. ಕಾಯಿಲೆಯನ್ನು ಅವರು ಸರಿಯಾಗಿಯೇ ಗುರುತಿಸಿದ್ದಾರೆ, ಔಷಧ ತಪ್ಪಿದೆ. ಎಷ್ಟು ಪದ ಬೇಕು ಎಂಬುದನ್ನು ಬದಲಿಸಲು ವರ್ಡ್‌ಪ್ರೆಸ್ ತಾನೇ ಒಂದು ಕೊಂಡಿ ಇಟ್ಟಿದೆ. ‘ಎಕ್ಸರ್ಪ್ಟ್ ಲೆಂಗ್ತ್’ ಎಂಬ ಫಿಲ್ಟರ್. ಮೂಲ ಥೀಮಿನ ಮೇಲೆ ಕೂರುವ ಚೈಲ್ಡ್ ಥೀಮ್‌ನ ಫಂಕ್ಷನ್ಸ್ ಕಡತದಲ್ಲಿ ಮೂರು ಸಾಲು ಬರೆದು ಮೂವತ್ತು ಎಂದರೆ ಇಡೀ ತಾಣದಲ್ಲಿ ಮೂವತ್ತಾಗುತ್ತದೆ. ಮೂಲ ಥೀಮ್ ಮುಟ್ಟಬೇಕಾಗಿಲ್ಲ, ಮುಂದಿನ ಅಪ್‌ಡೇಟ್ ಬಂದಾಗ ತಿದ್ದಿದ್ದು ಅಳಿಸಿಹೋಗುವುದೂ ಇಲ್ಲ.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ, ಇದು ಕನ್ನಡದ ತಂತ್ರಜ್ಞರಲ್ಲೂ ಅನೇಕರ ಗಮನಕ್ಕೆ ಬಂದಂತಿಲ್ಲ. ಆ ಐವತ್ತೈದು ಎಂಬ ಸಂಖ್ಯೆಯನ್ನು ವರ್ಡ್‌ಪ್ರೆಸ್‌ನ ಮೂಲ ಕೋಡ್‌ನಲ್ಲಿ ಅನುವಾದಿಸಬಹುದಾದ ಪಠ್ಯವಾಗಿಯೇ ಇಟ್ಟಿದ್ದಾರೆ. ಅಂದರೆ ವರ್ಡ್‌ಪ್ರೆಸ್‌ನ ಕನ್ನಡ ಅನುವಾದದಲ್ಲಿ ಮೆನುವಿನ ಮಾತುಗಳ ಜೊತೆಗೆ ಈ ಸಂಖ್ಯೆಯೂ ಒಂದು ಸಾಲು. ಅನುವಾದಕರು ಅಲ್ಲಿ ಮೂವತ್ತೈದು ಎಂದು ಬರೆದರೆ, ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡು ಸಿದ್ಧ ಫಂಕ್ಷನ್ ಬಳಸುವ, ಬೇರೆ ಸಂಖ್ಯೆ ಹೇಳದ ಪ್ರತಿಯೊಂದು ತಾಣದಲ್ಲೂ ಸಾರ ಮೂವತ್ತೈದು ಪದಕ್ಕೆ ಬರುತ್ತದೆ. ಪದಗಳ ನಡುವೆ ಜಾಗ ಬಿಡದ ಚೀನೀ, ಜಪಾನೀ ಭಾಷೆಗಳಿಗೆ ಪದದ ಬದಲು ಅಕ್ಷರ ಎಣಿಸು ಎಂದು ಹೇಳುವ ವ್ಯವಸ್ಥೆಯೂ ಇದೇ ಅನುವಾದದ ದಾರಿಯಲ್ಲೇ ಬಂದದ್ದು. ಒಂದು ಭಾಷೆಯ ಜನ ತಮ್ಮ ಅಗತ್ಯ ಹೇಳಿ ಒಂದು ಕಡೆ ತಿದ್ದಿಸಿದರೆ ಎಲ್ಲರಿಗೂ ಸಿಗುತ್ತದೆ. ಕೊಪ್ಪದಲ್ಲಿ ಒಬ್ಬರು, ಬಾಳೆಹೊನ್ನೂರಿನಲ್ಲಿ ಒಬ್ಬರು, ಸಕಲೇಶಪುರದಲ್ಲಿ ಇನ್ನೊಬ್ಬರು ತಂತಮ್ಮ ತಾಣಕ್ಕೆ ಬೇರೆ ಬೇರೆ ಕತ್ತರಿ ಮಾಡಿಕೊಂಡರೆ ಆ ತಿದ್ದುಪಡಿ ಯಾರಿಗೂ ತಲುಪುವುದಿಲ್ಲ. ಸಿದ್ಧ ಫಂಕ್ಷನ್ ಬಳಸಿ ಎಂದು ನಾನು ಒತ್ತಿ ಹೇಳುತ್ತಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ಸಾರದ ವಿಷಯ ಬಿಡುವ ಮುಂಚೆ ವಾಕ್ಯದ ಸ್ವಭಾವದ ಬಗ್ಗೆಯೂ ಹೇಳಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಎನ್ನುವುದು ಅದಕ್ಕೂ ಕೊನೆಗೆ. ‘ಚಾರ್ಮಾಡಿ ಘಾಟಿಯಲ್ಲಿ ಭಾರೀ ವಾಹನಗಳ ಸಂಚಾರಕ್ಕೆ ಇದ್ದ ನಿಷೇಧವನ್ನು ಹಿಂತೆಗೆದುಕೊಳ್ಳಲಾಗಿದೆ’ ಎಂಬ ವಾಕ್ಯವನ್ನು ‘ನಿಷೇಧ’ಕ್ಕೆ ಕತ್ತರಿಸಿದರೆ ಕೊಟ್ಟಿಗೆಹಾರದ ತಿರುವಿನಲ್ಲಿ ಲಾರಿ ನಿಲ್ಲಿಸಿಕೊಂಡು ಮೊಬೈಲ್ ನೋಡುವ ಚಾಲಕನಿಗೆ ಸಿಗುವುದು ತಿರುವುಮುರುವಾದ ಸುದ್ದಿ. ‘ಧಾರಣೆ ಇಳಿಯಲಿಲ್ಲ’ ಎಂಬುದು ‘ಧಾರಣೆ ಇಳಿಯ…’ ಎಂದು ನಿಂತರೂ ಅದೇ ಗತಿ. ಪದ ಎಣಿಸುವ ಫಂಕ್ಷನ್ ಕೂಡ ವಾಕ್ಯದ ನಡುವೆ ನಿಲ್ಲಬಹುದು, ಈ ತೊಂದರೆಯನ್ನು ಅದು ಪೂರ್ತಿ ನೀಗಿಸುವುದಿಲ್ಲ. ಆದರೆ ಇದಕ್ಕೂ ಅದರೊಳಗೇ ದಾರಿಯಿದೆ. ಬರೆಯುವ ಪುಟದ ಬದಿಯಲ್ಲಿ ಸಾರ ಬರೆಯಲು ಒಂದು ಪೆಟ್ಟಿಗೆಯಿದೆ. ಅಲ್ಲಿ ಎರಡು ಪೂರ್ಣ ವಾಕ್ಯ ಬರೆದರೆ ಫಂಕ್ಷನ್ ಕತ್ತರಿಯನ್ನು ಪಕ್ಕಕ್ಕಿಟ್ಟು ಅದನ್ನೇ ತೋರಿಸುತ್ತದೆ. ಪತ್ರಿಕೆಯ ಉಪಸಂಪಾದಕ ಹಿಂದಿನಿಂದ ಮಾಡಿಕೊಂಡು ಬಂದ ಕೆಲಸವೇ ಇದು. ಸ್ವಂತ ಕೋಡ್ ಈ ಪೆಟ್ಟಿಗೆಯನ್ನು ಬಹುತೇಕ ನೋಡುವುದೇ ಇಲ್ಲ. ಬರೆದವರು ಸಾರ ಬರೆದಿಟ್ಟಿದ್ದರೂ ಬರಹದ ಮೊದಲ ಸಾಲುಗಳನ್ನೇ ಕತ್ತರಿಸಿ ತಂದಿಡುತ್ತದೆ.

ತಾರೀಖಿಗೆ ಬರೋಣ. ಪಿಎಚ್‌ಪಿಯ ‘ಡೇಟ್’ ಎಂಬ ಬರೀ ಆಜ್ಞೆ ತಿಂಗಳ ಹೆಸರನ್ನು ಯಾವಾಗಲೂ ಇಂಗ್ಲಿಷಿನಲ್ಲೇ ಕೊಡುತ್ತದೆ. ತಾಣವೆಲ್ಲ ಕನ್ನಡದಲ್ಲಿದ್ದು ತಾರೀಖು ಮಾತ್ರ ಇಂಗ್ಲಿಷಿನಲ್ಲಿದ್ದರೆ ಅಲ್ಲಿ ಈ ಆಜ್ಞೆ ಬಳಸಿರುವ ಸಾಧ್ಯತೆ ಹೆಚ್ಚು. ‘ಗೆಟ್ ದಿ ಡೇಟ್’ ಬಳಸಿದರೆ ತಿಂಗಳು, ವಾರಗಳ ಹೆಸರು ಕನ್ನಡ ಅನುವಾದದಿಂದ ಬರುತ್ತವೆ, ತಾರೀಖು ಮೊದಲೋ ತಿಂಗಳು ಮೊದಲೋ ಎಂಬುದು ಸೆಟ್ಟಿಂಗ್ಸ್‌ನಲ್ಲಿ ಆಯ್ದುಕೊಂಡಂತೆ ಬರುತ್ತದೆ. ಭಾಷೆಗಿಂತ ಹೆಚ್ಚು ಕಾಡುವ ತೊಂದರೆ ಸಮಯದ್ದು. ವರ್ಡ್‌ಪ್ರೆಸ್ ತನ್ನ ಒಳಗೆ ಪಿಎಚ್‌ಪಿಯ ಗಡಿಯಾರವನ್ನು ಜಾಗತಿಕ ಪ್ರಮಾಣ ಸಮಯಕ್ಕೆ ಇಟ್ಟುಕೊಂಡಿರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹೀಗಾಗಿ ಬರೀ ‘ಡೇಟ್’ ಬಳಸಿ ಪುಟದ ತಲೆಯಲ್ಲಿ ‘ಇಂದು’ ಎಂದು ತಾರೀಖು ಹಾಕಿದರೆ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಅದು ನಿನ್ನೆಯ ತಾರೀಖು ತೋರಿಸುತ್ತದೆ. ಬೆಳಗ್ಗೆ ಐದಕ್ಕೇ ಎದ್ದು ರಾತ್ರಿ ಎಲ್ಲೆಲ್ಲಿ ಎಷ್ಟು ಮಳೆಯಾಯಿತು ಎಂದು ನೋಡುವ ಊರುಗಳಿವು. ಮಾರ್ಚ್ ಕೊನೆಯ ಒಂದು ಮಳೆಯ ಮೇಲೆ ವರ್ಷದ ಫಸಲು ನಿಂತಿರುವಾಗ ಒಂದು ದಿನದ ವ್ಯತ್ಯಾಸ ಸಣ್ಣದಲ್ಲ. 2019ರ ನವೆಂಬರಿನಲ್ಲಿ ಬಂದ 5.3 ಆವೃತ್ತಿಯಿಂದ ‘ಡಬ್ಲ್ಯುಪಿ ಡೇಟ್’ ಎಂಬ ಫಂಕ್ಷನ್ ಇದೆ. ಸೆಟ್ಟಿಂಗ್ಸ್‌ನಲ್ಲಿ ಕೋಲ್ಕತ್ತಾ ಸಮಯವಲಯ ಆಯ್ದಿದ್ದರೆ ಸಮಯ, ಭಾಷೆ ಎರಡನ್ನೂ ಅದೇ ನೋಡಿಕೊಳ್ಳುತ್ತದೆ.

ಸಿದ್ಧ ಫಂಕ್ಷನ್ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಬಳಸಬಹುದೆಂದು ನಾನು ಹೇಳುತ್ತಿಲ್ಲ. ‘ದಿ ಡೇಟ್’ ಎಂಬ ಹಳೆಯ ಫಂಕ್ಷನ್ನನ್ನೇ ನೋಡಿ. ಒಂದೇ ದಿನ ನಾಲ್ಕು ಸುದ್ದಿ ಹಾಕಿದ್ದರೆ ಪಟ್ಟಿಯಲ್ಲಿ ಮೊದಲನೆಯದಕ್ಕೆ ಮಾತ್ರ ಅದು ತಾರೀಖು ಕೊಡುತ್ತದೆ, ಉಳಿದ ಮೂರಕ್ಕೆ ಖಾಲಿ ಬಿಡುತ್ತದೆ. ಬೆಳಗ್ಗೆ ಮಳೆ ವರದಿ, ಮಧ್ಯಾಹ್ನ ಕಾಫಿ ಧಾರಣೆ, ಸಂಜೆ ಅಡಿಕೆ ಮತ್ತು ಕಾಳುಮೆಣಸಿನ ಧಾರಣೆ ಹಾಕಿದರೆ ಮೇಲಿನದಕ್ಕೆ ಮಾತ್ರ ದಿನಾಂಕ, ಕೆಳಗಿನ ಎರಡಕ್ಕೆ ಇಲ್ಲ. ಇದನ್ನು ಕಂಡವರು ಫಂಕ್ಷನ್ ಕೆಟ್ಟಿದೆ ಎಂದುಕೊಂಡು ಸ್ವಂತ ಕೋಡ್‌ಗೆ ಹೊರಳುತ್ತಾರೆ. ಫಂಕ್ಷನ್ ಕೆಟ್ಟಿಲ್ಲ. ದಿನಚರಿಯ ಹಾಗೆ ಮೇಲೊಂದು ತಾರೀಖು, ಅದರ ಕೆಳಗೆ ಆ ದಿನದ ಬರಹಗಳು ಎಂದು ಬ್ಲಾಗುಗಳನ್ನು ಜೋಡಿಸುತ್ತಿದ್ದ ಕಾಲದಲ್ಲಿ ಹಾಗೆಂದೇ ಅದನ್ನು ಮಾಡಿದ್ದರು. ಪ್ರತಿ ಸುದ್ದಿಗೂ ತಾರೀಖು ಬೇಕಿದ್ದರೆ ‘ಗೆಟ್ ದಿ ಡೇಟ್’ ಇದೆ ಎಂದು ಅದರ ವಿವರಣೆಯಲ್ಲೇ ಬರೆದಿದ್ದಾರೆ. ಬಳಸುವ ಮುಂಚೆ ಆ ಎರಡು ಪ್ಯಾರಾ ವಿವರಣೆ ಓದುವ ತಾಳ್ಮೆ ನಮ್ಮಲ್ಲಿ ಇರಬೇಕು, ಅಷ್ಟೆ.

ಚಿತ್ರಗಳ ವಿಷಯದಲ್ಲಿ ಸಿದ್ಧ ಫಂಕ್ಷನ್ನಿನ ಮಾತು ಮಲೆನಾಡಿಗೆ ಇನ್ನೂ ಹತ್ತಿರದ್ದು. ಕಳಸದಿಂದ ಸಂಸೆ, ಕುದುರೆಮುಖದ ಕಡೆಗೆ, ಇಲ್ಲವೇ ಹೊರನಾಡಿನ ಕಡೆಗೆ ಹೋಗುವವರಿಗೆ ಗುಡ್ಡದ ಒಂದು ಮಗ್ಗುಲಲ್ಲಿ ಸಿಗುವ ಸಿಗ್ನಲ್ ಇನ್ನೊಂದು ಮಗ್ಗುಲಲ್ಲಿ ಸಿಗುವುದಿಲ್ಲ. ಇಂಥ ಕಡೆ ಓದುಗನ ಮೊಬೈಲಿಗೆ ನಾಲ್ಕು ಸಾವಿರ ಚುಕ್ಕಿ (ಪಿಕ್ಸೆಲ್) ಅಗಲದ ಚಿತ್ರ ಕಳಿಸಿದರೆ ಪುಟ ತೆರೆಯುವ ಮುಂಚೆ ಸಿಗ್ನಲ್ ಹೋಗಿರುತ್ತದೆ. ವರ್ಡ್‌ಪ್ರೆಸ್ ಒಂದು ಚಿತ್ರ ಹಾಕಿದ ತಕ್ಷಣ ಅದರ ಹಲವು ಅಳತೆಯ ಪ್ರತಿಗಳನ್ನು ಮಾಡಿಟ್ಟುಕೊಳ್ಳುತ್ತದೆ. 300, 768, 1024 ಚುಕ್ಕಿ ಅಗಲದವು ಸಾಮಾನ್ಯ. ‘ದಿ ಪೋಸ್ಟ್ ಥಂಬ್‌ನೇಲ್’ ಎಂಬ ಫಂಕ್ಷನ್ ಬಳಸಿದರೆ ಈ ಪ್ರತಿಗಳ ಪಟ್ಟಿಯನ್ನೇ ಬ್ರೌಸರಿಗೆ ಕೊಡುತ್ತದೆ, ಬ್ರೌಸರ್ ತನ್ನ ಪರದೆಗೆ ಹೊಂದುವ ಸಣ್ಣದನ್ನು ಆರಿಸಿಕೊಳ್ಳುತ್ತದೆ. 2015ರ ಡಿಸೆಂಬರಿನ 4.4 ಆವೃತ್ತಿಯಿಂದ ಈ ಸೌಲಭ್ಯವಿದೆ. 2020ರ ಆಗಸ್ಟಿನ 5.5ರಿಂದ, ಓದುಗ ಕೆಳಗೆ ಸರಿದು ಹತ್ತಿರ ಬರುವವರೆಗೆ ಚಿತ್ರ ಇಳಿಸಬೇಡ ಎಂಬ ಸೂಚನೆಯೂ ಸೇರಿತು. ಥೀಮ್ ಬರೆದವರು ಒಂದು ಅಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ. 2012ರಲ್ಲಿ ಈ ಫಂಕ್ಷನ್ ಬಳಸಿ ಮಾಡಿದ ಥೀಮ್‌ಗೂ ಅಪ್‌ಡೇಟ್ ಮಾಡಿದ ದಿನ ಇವೆರಡೂ ತಾನಾಗಿ ಬಂದವು. ಚಿತ್ರದ ವಿಳಾಸವನ್ನು ಕೈಯಾರೆ ಟೆಂಪ್ಲೇಟಿನಲ್ಲಿ ಬರೆದುಕೊಂಡವರಿಗೆ ಯಾವುದೂ ಬರಲಿಲ್ಲ. ಜೊತೆಗೆ, ಚಿತ್ರ ಹಾಕುವಾಗ ಅದರಲ್ಲಿ ಏನಿದೆ ಎಂದು ಬರೆದ ವಿವರಣೆಯನ್ನೂ ಈ ಫಂಕ್ಷನ್ ಒಯ್ಯುತ್ತದೆ. ಕಣ್ಣು ಕಾಣದವರಿಗೆ ಪರದೆ ಓದುವ ತಂತ್ರಾಂಶ ಹೇಳುವುದು ಅದನ್ನೇ.

ಅವರ ಮಾತು ಬಂದದ್ದರಿಂದ ಇನ್ನೊಂದು ಪುಟ್ಟ ಫಂಕ್ಷನ್. ‘ಲ್ಯಾಂಗ್ವೇಜ್ ಆಟ್ರಿಬ್ಯೂಟ್ಸ್’ ಎಂಬುದು ಪುಟದ ತಲೆಯಲ್ಲಿ ಇದು ಕನ್ನಡದ ಪುಟ ಎಂದು ಬರೆಯುತ್ತದೆ. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ಈಸ್ಪೀಕ್ ಧ್ವನಿಯಲ್ಲಿ ಕನ್ನಡ ಓದಬಲ್ಲದು. ಪುಟ ಕನ್ನಡದ್ದೆಂದು ತಿಳಿದರೆ ತಾನೇ ಆ ಧ್ವನಿಗೆ ಹೊರಳಬಲ್ಲದು. ಆದರೆ ಹೊರಗಿನಿಂದ ತಂದ ಅನೇಕ ಥೀಮ್‌ಗಳಲ್ಲಿ ಈ ಫಂಕ್ಷನ್ನಿನ ಜಾಗದಲ್ಲಿ ಇಂಗ್ಲಿಷ್ ಎಂದು ಗಟ್ಟಿಯಾಗಿ ಬರೆದಿರುತ್ತದೆ. ನೋಡುವವರಿಗೆ ಏನೂ ವ್ಯತ್ಯಾಸವಿಲ್ಲ, ಕೇಳುವವರಿಗೆ ಕನ್ನಡದ ಪುಟ ಇಂಗ್ಲಿಷ್ ಧ್ವನಿಯ ಕೈಗೆ ಸಿಕ್ಕಿಬಿಡುತ್ತದೆ. ಒಂದು ಸಾಲು ತಿದ್ದಿದರೆ ಸರಿಹೋಗುವ ಸಂಗತಿ.

ಇಷ್ಟಕ್ಕೂ ಇದೆಲ್ಲ ಹೊರಗಿನವರು ಇಂಗ್ಲಿಷಿಗಾಗಿ ಮಾಡಿದ ವ್ಯವಸ್ಥೆ, ಅದಕ್ಕೆ ನಾವೇಕೆ ಜೋತುಬೀಳಬೇಕು, ನಮ್ಮದನ್ನು ನಾವೇ ಮಾಡಿಕೊಳ್ಳಬಾರದೆ ಎಂಬ ಪ್ರಶ್ನೆಯಿದೆ. ಸ್ವಾಭಿಮಾನದ ಪ್ರಶ್ನೆ ಅದು, ಅದನ್ನು ಗೌರವದಿಂದಲೇ ಎದುರುಗೊಳ್ಳಬೇಕು. ಕನ್ನಡ ಗಣಕೀಕರಣದ ಚರಿತ್ರೆ ಇದಕ್ಕೆ ಉತ್ತರ ಕೊಟ್ಟಿದೆ. ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂತು, ಅದರಲ್ಲಿ ಕನ್ನಡಕ್ಕೆ ಜಾಗವೂ ಇತ್ತು. ಆದರೆ ನಮ್ಮ ಕಂಪ್ಯೂಟರುಗಳಲ್ಲಿ ಬಹಳ ಕಾಲ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತಕ್ರಮವಿತ್ತು. ಒಂದರಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಂದರಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತಿತ್ತು. ಬರಹ, ನುಡಿ ಮುಂತಾದ ತಂತ್ರಾಂಶಗಳು ಆ ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಆದರೂ ಹಳೆಯ ಕ್ರಮದಲ್ಲಿ ಕೂಡಿಟ್ಟ ಬರಹಗಳನ್ನು ಯುನಿಕೋಡಿಗೆ ಪರಿವರ್ತಿಸದೆ ಜಾಲದಲ್ಲಿ ಹುಡುಕುವಂತಿಲ್ಲ, ಪರಿವರ್ತಿಸಿದರೆ ಒತ್ತಕ್ಷರಗಳ ತಪ್ಪು ತಿದ್ದುವ ಕೆಲಸ ಕಾದಿರುತ್ತದೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಬಿಡದೆ ದನಿ ಎತ್ತಿದ್ದರು. ಕಂಪ್ಯೂಟರಿನಲ್ಲಿ ಬಾಳದ ಭಾಷೆಗೆ ಮುಂದೆ ಉಳಿಗಾಲವಿಲ್ಲ ಎಂಬ ಆತಂಕ ಈ ಕಾಫಿ ಸೀಮೆಯ ಲೇಖಕರೊಬ್ಬರನ್ನು ಅಷ್ಟು ಹಿಂದೆಯೇ ಕಾಡಿತ್ತು. ಕನ್ನಡ ಜಾಲದಲ್ಲಿ ನೆಲೆಯೂರಿದ್ದು ಎಲ್ಲರೂ ಒಂದೇ ಸಂಕೇತಕ್ರಮಕ್ಕೆ ಬಂದ ಮೇಲೆ. ಅವರವರ ಪರಿಹಾರ ಅವರವರ ಯಂತ್ರದಲ್ಲೇ ಉಳಿಯುತ್ತದೆ. ನಾಳೆ ಅದನ್ನು ಮಾಡಿದವರು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ತಿದ್ದುವವರೂ ಇರುವುದಿಲ್ಲ.

ಸ್ವಂತ ಕೋಡ್ ಹಗುರ, ಸಿದ್ಧ ಫಂಕ್ಷನ್ ಭಾರ ಎಂಬ ಇನ್ನೊಂದು ವಾದವಿದೆ. ಮಿಲಿಸೆಕೆಂಡಿನ ಲೆಕ್ಕದಲ್ಲಿ ಅದು ನಿಜವಿರಬಹುದು. ಆದರೆ ಪುಟ ನಿಧಾನವಾಗಲು ಸಾಮಾನ್ಯ ಕಾರಣ ದೊಡ್ಡ ಚಿತ್ರಗಳು ಮತ್ತು ಹೊರಗಿನ ಜಾಹೀರಾತುಗಳು. ಈಗ ಥೀಮ್‌ನಲ್ಲಿ ಕೋಡ್ ಬರೆಯುವ ಕಾಲವೇ ಮುಗಿಯಿತು, ಎಲ್ಲವೂ ಬ್ಲಾಕ್‌ಗಳು ಎನ್ನುವವರೂ ಇದ್ದಾರೆ. 2022ರ ಜನವರಿಯಲ್ಲಿ ಬಂದ 5.9 ಆವೃತ್ತಿಯಿಂದ ಇಡೀ ಪುಟವನ್ನು ಬ್ಲಾಕ್‌ಗಳಿಂದ ಜೋಡಿಸಬಹುದು, ನಿಜ. ಆದರೆ ಸಾರ ತೋರಿಸುವ ಬ್ಲಾಕ್, ತಾರೀಖಿನ ಬ್ಲಾಕ್, ಮುಖ್ಯ ಚಿತ್ರದ ಬ್ಲಾಕ್ ಇವುಗಳ ಒಳಗೆ ಕರೆಯುವುದು ಈವರೆಗೆ ಹೇಳಿದ ಬಗೆಯ ಸಿದ್ಧ ಫಂಕ್ಷನ್‌ಗಳನ್ನೇ. ಬ್ಲಾಕ್ ಬಳಸುವವರು ಅರಿಯದೆಯೇ ಸರಿಯಾದ ದಾರಿಯಲ್ಲಿದ್ದಾರೆ. ಕೃತಕ ಬುದ್ಧಿಮತ್ತೆಯನ್ನು ಕೇಳಿ ಕೋಡ್ ಬರೆಸಿಕೊಳ್ಳುವವರಿಗೆ ಹೇಳುವುದು ಇಷ್ಟೆ: ಅದು ಕೊಟ್ಟದ್ದರಲ್ಲಿ ‘ಸಬ್‌ಸ್ಟ್ರ್’ ಇದೆಯೆ, ಬರೀ ‘ಡೇಟ್’ ಇದೆಯೆ ನೋಡಿ. ಚಿಕ್ಕಮಗಳೂರು, ಶೃಂಗೇರಿ, ಮುಳ್ಳಯ್ಯನಗಿರಿಯಂಥ ಒತ್ತು, ಗುಣಿತ ತುಂಬಿದ ಹೆಸರುಗಳನ್ನು ಕೊಟ್ಟು ಪರೀಕ್ಷಿಸಿ. ಕಳಸ ಒಂದನ್ನೇ ಕೊಟ್ಟು ಸರಿಯಿದೆ ಎಂದು ನಂಬಬೇಡಿ.

ಸಿದ್ಧ ಫಂಕ್ಷನ್‌ಗಳಲ್ಲೂ ನಮಗೆ ಸಾಲದ ಕಡೆಗಳಿವೆ, ಅವನ್ನು ಮುಚ್ಚಿಡುವ ಅಗತ್ಯವಿಲ್ಲ. ‘ಡಬ್ಲ್ಯುಪಿ ಎಚ್‌ಟಿಎಂಎಲ್ ಎಕ್ಸರ್ಪ್ಟ್’ ಎಂಬ ಇನ್ನೊಂದು ಫಂಕ್ಷನ್ ಪದ ಬಿಟ್ಟು ಸಂಕೇತ ಎಣಿಸುತ್ತದೆ. ಅದು ಚಿಕ್ಕಮಗಳೂರನ್ನು ‘ಚಿಕ್’ಗೆ ನಿಲ್ಲಿಸಬಹುದು. ಅಂಕಿ ತೋರಿಸುವ ‘ನಂಬರ್ ಫಾರ್ಮ್ಯಾಟ್’ ಎಂಬ ಅನುವಾದ ಬಲ್ಲ ಫಂಕ್ಷನ್ ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕುತ್ತದೆ. ಮೂಟೆಯ ಧಾರಣೆ ಸಾವಿರಗಳಲ್ಲಿರುವಾಗ ತೊಂದರೆಯಿಲ್ಲ. ತೋಟದ ವರ್ಷದ ವಹಿವಾಟು ಬರೆಯುವಾಗ 1,20,000 ಎಂದಿರಬೇಕಾದದ್ದು 120,000 ಎಂದು ಬರುತ್ತದೆ, ಲಕ್ಷ ಕೋಟಿಗಳಲ್ಲಿ ಎಣಿಸುವ ನಮ್ಮ ಕಣ್ಣು ಅಲ್ಲಿ ಎಡವುತ್ತದೆ. ಇಂಥ ಕಡೆ ಸ್ವಂತ ಕೋಡ್ ಬೇಕಾಗುತ್ತದೆ, ಬರೆಯಬೇಕು. ಪಿಎಚ್‌ಪಿಯಲ್ಲೇ ಭಾರತದ ಕ್ರಮ ತಿಳಿದಿರುವ ಅಂತರರಾಷ್ಟ್ರೀಕರಣದ ವಿಸ್ತರಣೆಯೊಂದಿದೆ. ಸರ್ವರಿನಲ್ಲಿ ಅದು ಇದ್ದು ಭಾರತದ ಕ್ರಮವನ್ನು ಆಯ್ದುಕೊಂಡರೆ ಲಕ್ಷದ ಅಲ್ಪವಿರಾಮ ಸರಿಯಾಗಿ ಬೀಳುತ್ತದೆ. ಆ ಕೋಡನ್ನು ಫಿಲ್ಟರ್ ಆಗಿ ಬರೆದು, ಸಿದ್ಧ ಫಂಕ್ಷನ್ನಿನ ಬಾಯಲ್ಲೇ ಸರಿಯಾದ ಉತ್ತರ ಬರುವಂತೆ ಮಾಡಿದರೆ ಟೆಂಪ್ಲೇಟುಗಳನ್ನು ಮುಟ್ಟಬೇಕಾಗಿಲ್ಲ. ಬರೆದ ಮೇಲೆ ದೋಷವನ್ನು ವರ್ಡ್‌ಪ್ರೆಸ್‌ನ ದೋಷ ದಾಖಲಿಸುವ ವ್ಯವಸ್ಥೆಯಾದ ಟ್ರ್ಯಾಕ್‌ನಲ್ಲಿ ಕನ್ನಡದ ಉದಾಹರಣೆ ಸಹಿತ ಬರೆದು ಹಾಕಬಹುದು, ಅಲ್ಲಿ ಖಾತೆ ತೆರೆಯಲು ಹಣ ಬೇಕಿಲ್ಲ. ಐವತ್ತೈದರ ಸಾಲಿಗಾದರೆ ಅಷ್ಟೂ ಬೇಡ. ಅನುವಾದದ ತಾಣದಲ್ಲಿ ಕನ್ನಡ ಭಾಷೆ ಆರಿಸಿ, ಆ ಸಾಲು ಹುಡುಕಿ, ಬೇಕಾದ ಸಂಖ್ಯೆ ಸೂಚಿಸಿದರೆ ಕನ್ನಡ ಅನುವಾದದ ಪರಿಶೀಲಕರು ಅದನ್ನು ನೋಡುತ್ತಾರೆ. ಅದು ಮೂವತ್ತಿರಬೇಕೋ ಮೂವತ್ತೈದಿರಬೇಕೋ ಎಂಬುದನ್ನು ಕನ್ನಡದಲ್ಲಿ ದಿನವೂ ಸುದ್ದಿ ಬರೆಯುವವರೇ ಕೂತು ಮಾತಾಡಿ ಹೇಳಬೇಕು.